ಎಷ್ಟು ಕಡ್ಡಿ

ತಣ್ಣೀರುಹಳ್ಳದಲ್ಲಿ ಮನೆ ಕೊಂಡ ರಾತ್ರಿ
ಮೊದಲು ಮಾತಾಡಿದ್ದು ನಲ್ಲಿ.
ಟಪ್. ಏನೋ ನೆನಪು ಮಾಡಿಕೊಂಡ ಹಾಗೆ ಒಂದು ತಡೆ.
ಟಪ್.
ಹೆಸರಿಗೆ ತಕ್ಕ ಬಡಾವಣೆ ಅಂತ ನಕ್ಕು ಮಲಗಿದೆ.
ಬೆಳಿಗ್ಗೆ ಐದೂಕಾಲಿಗೆ ಅರಕಲಗೂಡು ಟ್ರಿಪ್ಪು,
ಟಿಕೆಟ್ ಮಿಷನ್ನು ಕೊರಳಿಗೆ, ಚಿಲ್ಲರೆ ಚೀಲ ಕಂಕುಳಿಗೆ,
ತಲೆಯೊಳಗೆ ಮಾತ್ರ ಟಪ್.

ಪ್ಲಂಬರು ನಾಳೆ ಅಂದ. ಆಮೇಲೆ ಫೋನೇ ಎತ್ತಲಿಲ್ಲ.
ನನ್ನ ವಾರದ ರಜೆ ಮಂಗಳವಾರ.
ಕಟ್ಟಿನಕೆರೆ ಮಾರ್ಕೆಟ್ಟಿನ ಪಕ್ಕ ಅನ್ಸರನ ಅಂಗಡಿ:
ಅರ್ಧ ಇಂಚಿನ ವಾಷರು ನಾಲ್ಕು, ಒಂದು ಪಾನಾ,
ಬಿಳಿ ಟೇಪಿನ ಸುರುಳಿ.
“ಗಡಿಯಾರ ತಿರುಗೋ ಕಡೆಗೆ ಸುತ್ತಿ ಅಕ್ಕಾ,
ಉಲ್ಟಾ ಸುತ್ತಿದರೆ
ಬಿಗಿ ಮಾಡಿದಷ್ಟೂ ಬಿಚ್ಚಿಕೊಳ್ಳುತ್ತೆ.”
ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ
ಇಂಥ ಉಪಯೋಗದ ಮಾತು.

ಮೇಲಿನ ವಾಲ್ವು ಮುಚ್ಚುವುದ ಮರೆತೆ.
ಮುಚ್ಚಿಡದೆ ಹೇಳಬೇಕು ಇದನ್ನು.
ಅರ್ಧ ಟ್ಯಾಂಕು ನನ್ನ ನೈಟಿಯ ಮೇಲೆ,
ಇನ್ನರ್ಧ ಹೊಸಿಲು ದಾಟಿ
ಪಕ್ಕದವರು ಹರವಿದ್ದ ರಾಗಿಯ ತನಕ.

ನೆನೆದ ಕೋಳಿಯ ಹಾಗೆ ಕೂತು
ಬಿಚ್ಚಿದ ನಲ್ಲಿಯೊಳಗೆ ನೋಡಿದರೆ
ವಾಷರೇ ಅಲ್ಲ ಅದು.
ಸೈಕಲ್ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ಚೂರು,
ಅಂಚಿನಲ್ಲಿ ಕತ್ತರಿ ಎರಡು ಸಲ ತಡವರಿಸಿದ ಗುರುತು.
ನನಗಿಂತ ಮುಂಚೆ ಯಾರೋ
ಇಲ್ಲೇ, ಹೀಗೇ, ಕುಕ್ಕರುಗಾಲಲ್ಲಿ.

ಯಾರೋ ಏಕೆ, ಕ್ರಯಪತ್ರದಲ್ಲಿ ಹೆಸರಿದೆ:
ಜವರಪ್ಪ, ನಿವೃತ್ತ ಲೈನ್‌ಮನ್.
ಅಂದಿನಿಂದ ಮನೆ ತುಂಬ ಅವನೇ ಸಿಕ್ಕ.
ಸಿಂಕಿನ ಕೆಳಗೆ, ಪೈಪಿನ ಮೊಣಕೈಯಲ್ಲಿ,
ಎಂ-ಸೀಲ್ ಮೆತ್ತಿ ಒತ್ತಿದ ಹೆಬ್ಬೆರಳು,
ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದ್ದಕ್ಕಿಂತ ಸ್ಪಷ್ಟ.
ಮೊಳೆ ಕಿತ್ತ ತೂತಿಗೆಲ್ಲ ಸಾಬೂನು;
ಡ್ರಿಲ್ ಇಟ್ಟರೆ ಗೋಡೆ
ಆಗತಾನೆ ಮಿಂದ ಮಗುವಿನ ವಾಸನೆ ಬಿಟ್ಟಿತು.
ಸ್ವಿಚ್ ಬೋರ್ಡಿನೊಳಗೆ ಮಾತ್ರ (ಲೈನ್‌ಮನ್ ಮನೆಯಲ್ಲಿ!)
ಎರಡು ವೈರು ಬರೀ ತಿರುಚಿ ಬಿಟ್ಟದ್ದು, ಟೇಪೂ ಇಲ್ಲ.
ಅದನ್ನು ನಾನು ಮುಟ್ಟಲಿಲ್ಲ.
ಎಲ್ಲದಕ್ಕೂ ಕೈ ಹಾಕಬಾರದು.
ಬೈಯುತ್ತ ಬೈಯುತ್ತ ಮಾತು ಅಭ್ಯಾಸವಾಯಿತು:
ಏನಪ್ಪಾ ಜವರಪ್ಪ, ಇಲ್ಲೂ ಸಾಬೂನೇ?

ಹಿತ್ತಲ ಬಾಗಿಲು ಜೋತುಬಿದ್ದು
ತೆರೆದಾಗೆಲ್ಲ ಹೊರಕಟ್ಟೆಯ ಸಿಮೆಂಟಿಗೆ
ಕಾಲುಚಂದ್ರನ ಗೀರು.
ಮೇಲಿನ ಕೀಲಿನ ತಿರುಪು ಬಿಚ್ಚಿದೆ.
ತೂತು ಸಡಿಲ, ಹಲ್ಲುದುರಿದ ಬಾಯಿ,
ಒಳಗೆ ಎರಡು ಬೆಂಕಿಕಡ್ಡಿ, ಮದ್ದು ಮುರಿದಿಟ್ಟದ್ದು,
ಕರಗಿ ಹುಡಿಯಾಗಿದ್ದವು.
ಫೆವಿಕಾಲಿನಲ್ಲಿ ಅದ್ದಿ ನಾನು ಮೂರು ತುರುಕಿದೆ.
ಒಂದು ರಾತ್ರಿ ಒಣಗಲು ಬಿಟ್ಟೆ.
ತಿರುಪು ಕಚ್ಚಿತು, ಬಾಗಿಲು ಸೊಂಟ ನೆಟ್ಟಗೆ ಮಾಡಿತು.
ಬಾಯಿ ತಾನಾಗಿ “ರೈಟ್, ರೈಟ್” ಅಂದಿತು.

ದೀಪಾವಳಿ ಕಳೆದ ವಾರ ಒಬ್ಬರು ಬಂದರು,
ಎಲ್‌ಐಸಿ ಕಾಗದವೇನಾದರೂ ಹಳೇ ವಿಳಾಸಕ್ಕೆ ಬಂತಾ ಅಂತ.
ಹೊಂಬಾಳಮ್ಮ. ಜವರಪ್ಪನ ಹೆಂಡತಿ.
ಕಾಫಿ ಕುಡಿದರು. ಬೇಡವೆಂದರೂ
ಲೋಟ ತೊಳೆಯಲು ಹಿತ್ತಲಿಗೆ ಹೊರಟು,
ಅಗುಳಿ ಸರಿಸಿ, ಸೊಂಟ ಹಲಗೆಗೆ ಕೊಟ್ಟು
ಬಾಗಿಲನ್ನು ಎತ್ತಿ ತಳ್ಳಿದರು,
ಇಪ್ಪತ್ತು ವರ್ಷ ತಳ್ಳಿದ ಹಾಗೆ.
ಅದು ಸುಮ್ಮನೆ ತೆರೆದುಕೊಂಡಿತು.
ಎತ್ತಲು ಏನೂ ಇರಲಿಲ್ಲ.
ಆಯ ತಪ್ಪಿ ಎರಡು ಹೆಜ್ಜೆ
ಬಿಸಿಲಿಗೆ ಹೋಗಿ ನಿಂತರು.

ಲೋಟ ಸ್ಟೀಲಿನದು, ಉರುಳಿತು ಅಷ್ಟೆ.
ತಿರುಗಿ ಬಂದು ಕೀಲಿನ ಮೇಲೆ ಹೆಬ್ಬೆರಳಾಡಿಸಿದರು.
ಸಣ್ಣ ಹೆಬ್ಬೆರಳು.
ನಾನು ಸಿಂಕಿನ ಕಡೆ ನೋಡಿದೆ.
ಇಷ್ಟು ತಿಂಗಳು ಅವನು, ಅವನು ಅಂತ ನಾನು...

“ಅವರು ಕಂಬ ಹತ್ತೋರು,” ಅಂದರು,
“ಮನೇಲಿ ಸ್ಟೂಲೂ ಹತ್ತಲಿಲ್ಲ.”
ಆಮೇಲೆ, ಬಾಗಿಲನ್ನು ಒಂದು ಬೆರಳಲ್ಲಿ
ತೆರೆದು, ಮುಚ್ಚಿ, ತೆರೆದು:
“ಎಷ್ಟು ಕಡ್ಡಿ ಹಾಕಿದ್ರಿ?”

“ಮೂರು.”

“ನಾನು ಎರಡು,” ಅಂದರು.
“ಮೂರನೇದು ಒಲೆಗೆ ಬೇಕಿತ್ತು.”